ಮಂಗಳಕ್ಕೆ ಎದ್ದು ನಿಂತವನು

ಮಲ್ಲಪ್ಪ ಕಾಕಾನನ್ನು ಬೇರೆ ಗ್ರಹದಿಂದ ಬಂದವರು ತಾಂಡೂರಿನ ಒಂದು ಕಲ್ಲುಗಣಿಯಲ್ಲಿ ಕೊಂದರು. ಅದಾದ ಮೇಲೂ ಅವನು ಬಹಳ ವರ್ಷ ಬದುಕಿದ್ದ. ಕುರಿ ಮೇಯಿಸಿದ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ, ಬೀಡಿ ಬಿಡುತ್ತೇನೆಂದು ಪ್ರತಿ ಯುಗಾದಿಗೆ ಮಾತು ಕೊಟ್ಟ, ಮತ್ತು ಬಿಡುವಾದಾಗಲೆಲ್ಲ ನಾರಾಯಣಖೇಡದ ಬಸ್‌ಸ್ಟ್ಯಾಂಡಿನ ಎದುರಿಗಿನ ಚಹಾದಂಗಡಿಯಲ್ಲಿ ಕೂತು ತನ್ನನ್ನು ಕೊಂದವರ ಪರವಾಗಿ ವಾದ ಮಾಡಿದ. ಕೊಲೆಯಾದವನೇ ಕೊಲೆಗಾರರಿಗೆ ವಕೀಲನಾದದ್ದು ಯಾವ ಗ್ರಹದಲ್ಲೂ ಇರಲಾರದು.

ಕೊಲೆ ನಡೆದದ್ದು ಸಿನಿಮಾದಲ್ಲಿ. ಹೈದರಾಬಾದಿನಿಂದ ಬಂದ ಒಂದು ತಂಡ ತೆಗೆದ ತೆಲುಗು ಚಿತ್ರ ಅದು. ಅದರ ಹೆಸರು ಪೋಸ್ಟರಿನಲ್ಲಿ ಎರಡು ಸಾಲು ಹಿಡಿಯುವಷ್ಟು ಉದ್ದ ಇತ್ತು. ತೆಲಂಗಾಣದ ಗಡಿಯಲ್ಲಿರುವ ನಮ್ಮ ಮನೂರಿನ ಕಡೆ ಯಾರೂ ಅದನ್ನು ಪೂರ್ತಿ ಹೇಳುವ ಗೋಜಿಗೆ ಹೋಗಲಿಲ್ಲ, ‘ಮಲ್ಲಪ್ಪನ ಪಿಚ್ಚರ್’ ಎಂದು ಕರೆದು ಮುಗಿಸಿದರು. ಚಿತ್ರದ ನಾಯಕನಿಗೆ ಇದು ತಿಳಿದಿದ್ದರೆ ಬೇಜಾರಾಗುತ್ತಿತ್ತೋ ಏನೋ. ಆದರೆ ಆ ಚಿತ್ರ ನೋಡಿದ ಮೇಲೆ ಅದರ ಹೊಣೆ ಬೇರೆ ಯಾರಾದರೂ ಹೊತ್ತುಕೊಂಡರೆ ಅವನಿಗೂ ಸಮಾಧಾನವೇ ಆಗಿರಬೇಕು.

ಕಾಕಾ ಎಂದರೆ ನನ್ನ ರಕ್ತಸಂಬಂಧಿ ಅಲ್ಲ. ನಮ್ಮದು ಲಿಂಗಾಯತರ ಮನೆ, ಅವನದು ಕುರುಬರ ಮನೆ, ನಡುವೆ ಒಂದು ಬೇವಿನ ಮರ. ದೀಪಾವಳಿ ಕಳೆದು ಹೊಲಗಳು ಖಾಲಿಯಾಗುತ್ತಾ ಬಂದಂತೆ ಅವನು ಕುರಿಹಿಂಡು ಹೊಡೆದುಕೊಂಡು ತಾಂಡೂರು, ಬೊಮ್ರಾಸಪೇಟ್ ಕಡೆ ಇಳಿಯುತ್ತಿದ್ದ. ಹೊರಡುವ ಮೊದಲು ನಮ್ಮ ಹೊಲದಲ್ಲಿ ನಾಲ್ಕು ದಿನ ಹಿಂಡು ತರುಬುವುದು, ಅಂದರೆ ರಾತ್ರಿ ಕೂಡಿಹಾಕುವುದು, ನಮ್ಮ ಅಜ್ಜನ ಕಾಲದಿಂದ ಬಂದ ಪದ್ಧತಿ. ಗೊಬ್ಬರ ನಮಗೆ, ಜೋಳ ಅವನಿಗೆ. ನಾನು ಜಹೀರಾಬಾದಿನಲ್ಲಿ ವಿಜ್ಞಾನದ ಮಾಸ್ತರನಾದ ಮೇಲೂ ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಹುಡುಗ ಅಂತಲೇ ತಿಳಿದಿದ್ದ. ಒಂದೇ ವ್ಯತ್ಯಾಸ, ಹೆಸರಿನ ಬದಲು ‘ಮಾಸ್ತರ’ ಎಂದು ಕರೆಯುತ್ತಿದ್ದ. ಆ ಶಬ್ದವನ್ನು ಅವನು ಹೇಳುವ ರೀತಿಯಲ್ಲಿ ಗೌರವ ಎಷ್ಟು, ಕನಿಕರ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಹಳದಿ ರುಮಾಲು, ಎರಡು ಕಡೆ ಮೇಲಕ್ಕೆ ತಿರುಗಿದ ಮೀಸೆ, ಬೇಸಿಗೆಯಲ್ಲೂ ಹೆಗಲಿನಿಂದ ಇಳಿಯದ ಕರೀ ಕಂಬಳಿ. ದನಿ ಮಾತ್ರ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕುರಿ ಕರೆಯಲು ಮಾಡಿಸಿದಂಥದ್ದು. ಅವನು ಚಹಾದಂಗಡಿಯಲ್ಲಿ ಗುಟ್ಟು ಹೇಳಿದರೆ ಕಂಗ್ಟಿಗೆ ಹೊರಟ ಬಸ್ಸಿನ ಕಂಡಕ್ಟರ್ ಹೌದೆಂದು ತಲೆ ಆಡಿಸುತ್ತಿದ್ದ.

ಸಿನಿಮಾದವರು ತಾಂಡೂರಿಗೆ ಬಂದದ್ದು ಅಲ್ಲಿಯ ಕಲ್ಲುಗಣಿಗಳು ಚಂದ್ರನ ಮೇಲಿನ ನೆಲದ ಹಾಗೆ ಕಾಣುತ್ತವೆ ಎಂಬ ಕಾರಣಕ್ಕೆ. ಇದು ಹೊಗಳಿಕೆಯೋ ಬೈಗುಳವೋ ಎಂದು ತಾಂಡೂರಿನವರು ಇನ್ನೂ ತೀರ್ಮಾನಿಸಿಲ್ಲ. ಅವರಿಗೆ ಒಂದು ಕುರಿಹಿಂಡು ಬೇಕಿತ್ತು. ಹತ್ತಿರದ ತೊಗರಿ ಹೊಲದಲ್ಲಿ ಕಾಕಾನ ಹಿಂಡು ಇತ್ತು. ಕುರಿಗಳನ್ನು ಒಪ್ಪಿಸಲು ಬಂದವನ ಮೀಸೆ ನೋಡಿ ನಿರ್ದೇಶಕ ಅವನನ್ನೂ ಸೇರಿಸಿಕೊಂಡ. ಪಾತ್ರ ಸಣ್ಣದು: ಆಕಾಶದಿಂದ ತಟ್ಟೆಯಂಥ ವಾಹನ ಇಳಿಯುತ್ತದೆ, ಕುರುಬ ಮೇಲೆ ನೋಡುತ್ತಾನೆ, ‘ಎವರು ಮೀರು?’, ನೀವು ಯಾರು, ಎಂದು ತೆಲುಗಿನಲ್ಲಿ ಕೇಳುತ್ತಾನೆ, ಹಸಿರು ಬೆಳಕು ಬೀಳುತ್ತದೆ, ಸಾಯುತ್ತಾನೆ. ಭೂಮಿಯ ಮೇಲೆ ಪರಗ್ರಹದವರ ಕೈಯಲ್ಲಿ ಸತ್ತ ಮೊದಲನೆಯ ಮನುಷ್ಯ ನಮ್ಮ ಬೇವಿನ ಮರದಾಚೆಯವನು. ಮನೂರಿಗೆ ಅದಕ್ಕಿಂತ ದೊಡ್ಡ ಹೆಸರು ಹಿಂದೆ ಬಂದಿರಲಿಲ್ಲ, ಮುಂದೆ ಬರುವ ಲಕ್ಷಣವೂ ಇಲ್ಲ.

ಚಿತ್ರ ನಾರಾಯಣಖೇಡದ ಟಾಕೀಸಿಗೆ ಬಂದಾಗ ಇಡೀ ಊರು ಶೇರ್ ಆಟೋಗಳಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋಯಿತು. ನೋಡಿ ಬಂದ ಮೇಲೆ ಶುರುವಾಯಿತು ನೋಡಿ ಪಂಚಾಯಿತಿ. ಸತ್ಯ ಹೇಳಬೇಕೆಂದರೆ ಆ ಚಿತ್ರದಲ್ಲಿ ತಪ್ಪು ಹುಡುಕಬೇಕಾಗಿರಲಿಲ್ಲ, ತಪ್ಪುಗಳ ನಡುವೆ ಚಿತ್ರವನ್ನು ಹುಡುಕಬೇಕಾಗಿತ್ತು. ನಾನು ವಿಜ್ಞಾನ ಕಲಿಸುವವನು, ಸುಮ್ಮನಿರಲು ನನಗೂ ಆಗಲಿಲ್ಲ. ಭಾನುವಾರ ಊರಿಗೆ ಬರುವಾಗ ಆ ಚಹಾದಂಗಡಿಯಲ್ಲಿ ಇಳಿದು, ಕಾಕಾನ ಎದುರು ಬೆಂಚಿನಲ್ಲಿ ಕೂತು, ಒಂದೊಂದಾಗಿ ತೆಗೆಯುತ್ತಿದ್ದೆ.

“ಕಾಕಾ, ಅವರು ಬಂದದ್ದು ಭೂಮಿ ಮ್ಯಾಲಿನ ನೀರು ಕದಿಯಾಕ. ಅಷ್ಟು ದೂರದಿಂದ ಬಂದು ತಾಂಡೂರಿನ್ಯಾಗ ಇಳಿತಾರೇನು? ಅಲ್ಲಿ ಬ್ಯಾಸಗ್ಯಾಗ ಟ್ಯಾಂಕರ್ ಬರಲಿಲ್ಲಂದ್ರ ಮಂದಿ ಮುಖ ತೊಳಿಯಂಗಿಲ್ಲ.”

ಕಾಕಾ ಬೀಡಿ ಹಚ್ಚುವವರೆಗೆ ಉತ್ತರ ಕೊಡುತ್ತಿರಲಿಲ್ಲ. ಹಚ್ಚಿದ ಮೇಲೆ ಅವನ ಮಾತು ಯಾವಾಗಲೂ ಒಂದೇ ರೀತಿ ಮೊದಲಾಗುತ್ತಿತ್ತು: “ನೀ ಅಲ್ಲಿ ಇದ್ದಿಯೇನು, ಮಾಸ್ತರ? ನಾ ಇದ್ದೆ.”

ಇದು ಅವನ ಬ್ರಹ್ಮಾಸ್ತ್ರ. ನಾವೆಲ್ಲ ಚಿತ್ರ ನೋಡಿದವರು, ಅವನು ಘಟನೆ ನೋಡಿದವನು.

“ಊರೂರಿಗೆ ನೀರಿನ ಟಾಕಿ ಕಟ್ಟ್ಯಾರೋ ಇಲ್ಲೋ? ಮ್ಯಾಲಿಂದ ನೋಡಿದ್ರ ಟಾಕಿ ಕಾಣ್ತದ. ಒಳಗ ನೀರು ಅದನೋ ಇಲ್ಲೋ ಇಳದ ಮ್ಯಾಲೇ ತಿಳೀತದ. ನಮಗೂ ಹಂಗ ಅಲ್ಲೇನು ಆದದ್ದು?”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ಒಂದು ಪಾಯಿಂಟ್ ಪರಗ್ರಹದವರಿಗೆ ಹೋಯಿತು.

“ಆತು ಬಿಡು. ಆ ಗ್ರಹದವರು ತೆಲುಗು ಹೆಂಗ ಮಾತಾಡ್ತಾರ?”

“ನಾವು ಹೆಂಗ ಮಾತಾಡ್ತೀವಿ? ಮನ್ಯಾಗ ಕನ್ನಡ, ಆಫೀಸಿನ್ಯಾಗ ತೆಲುಗು, ಜಹೀರಾಬಾದ್ ಬಜಾರದಾಗ ಉರ್ದು, ಉದಗೀರಿನ ಯಾಪಾರಿ ಬಂದ್ರ ಮರಾಠಿ. ಕುರಿ ಕಾಯೂ ನನಗ ನಾಕು ಮಾತು ಬರ್ತಾವ, ಆಕಾಶದಾಗ ಗಾಡಿ ಹೊಡಿಯೂ ಅವರಿಗೆ ಒಂದು ಬರಬಾರದೇನು? ನಿಮ್ಮ ಸಾಲ್ಯಾಗ ಹೊಸಾ ಹೆಡ್‌ಮಾಸ್ತರ ಬಂದಾನಲ್ಲ, ಮೂರು ವರ್ಷ ಆತು, ಇನ್ನಾ ‘ಊಟ ಆತೇನ್ರಿ’ ಅನ್ನಾಕ ಬರಂಗಿಲ್ಲ ಅವಗ. ಮೊದಲು ಅವನ ಲಾಜಿಕ್ ಕೇಳು.”

ಚಿತ್ರದ ಕೊನೆಯಲ್ಲಿ ಆ ಗ್ರಹದವರೆಲ್ಲ ಕಲ್ಲಿನ ಪುಡಿಗೆ ಸಾಯುತ್ತಾರೆ. ಗಣಿಯ ಕೆಲಸದವರು ಸಲಿಕೆಯಿಂದ ಧೂಳು ತೂರುತ್ತಾರೆ, ನಕ್ಷತ್ರಗಳನ್ನು ದಾಟಿ ಬಂದ ಸೈನ್ಯ ಕೆಮ್ಮಿ ಕೆಮ್ಮಿ ಬೀಳುತ್ತದೆ. “ಅಂಥಾ ಯಂತ್ರ ಮಾಡಿದವರಿಗೆ ಮೂಗಿಗೆ ಒಂದು ಅರಿವಿ ಕಟ್ಟಿಕೊಳ್ಳಾಕ ತಿಳೀಲಿಲ್ಲೇನು?” ಎಂದು ಕೇಳಿದೆ. ಇದಕ್ಕೆ ಅವನು ನಗಲಿಲ್ಲ.

“ಗಣ್ಯಾಗ ಹುಟ್ಟಿದಾಗಿಂದ ಕೆಲಸ ಮಾಡೂ ಮಂದಿ ಅದಾರ. ಧೂಳಿನಿಂದ ಎದಿ ಕೆಡ್ತದ ಅಂತ ಎಲ್ಲಾರಿಗೂ ಗೊತ್ತದ. ಯಾರ ಮೂಗಿಗೆ ಅರಿವಿ ಕಟ್ಟ್ಯಾರ? ಗೊತ್ತಿದ್ದ ನಾವೇ ಕಟ್ಟಿಲ್ಲ. ಹೊಸದಾಗಿ ಬಂದವರಿಗೆ ಯಾಕ ಬೈತಿ?”

ಕುರಿಗಳ ವಿಷಯಕ್ಕೆ ಮಾತ್ರ ಅವನ ಉತ್ತರ ನನಗೆ ಇಂದಿಗೂ ಪ್ರೀತಿ. ಆಕಾಶದಿಂದ ಬೆಂಕಿ ಕಾರುವ ವಾಹನ ಇಳಿದು ಸುತ್ತಲೂ ಹಸಿರು ಬೆಳಕು ಚೆಲ್ಲಿದರೂ ಚಿತ್ರದಲ್ಲಿ ಒಂದು ಕುರಿಯೂ ಹೆದರಿ ಓಡುವುದಿಲ್ಲ, ತಲೆ ಕೂಡ ಎತ್ತುವುದಿಲ್ಲ. ಯಾಕೆ ಎಂದರೆ ಕಾಕಾ ನನ್ನನ್ನು ದಡ್ಡನಂತೆ ನೋಡಿ ಹೇಳಿದ: “ಕುರಿ ಹಸಿರು ಕಂಡ್ರ ಓಡಿಹೋಗ್ತಾವೇನು?” ಇಷ್ಟರ ಮೇಲೂ ಯಾರಾದರೂ ಲಾಜಿಕ್ ಎಂದರೆ, “ನಿಮ್ಮ ಲಾಜಿಕ್ ದಿನಕ್ಕ ಎಷ್ಟು ಕುರಿ ಮೇಯಿಸ್ತದ?” ಎಂದು ಕೇಳಿ ರುಮಾಲು ಝಾಡಿಸಿ ಎದ್ದುಬಿಡುತ್ತಿದ್ದ.

ಇವೆಲ್ಲ ಚಿಲ್ಲರೆ ತಪ್ಪುಗಳು. ಚಿತ್ರದ ಮಹಾ ತಪ್ಪು ಸ್ವತಃ ಮಲ್ಲಪ್ಪ ಕಾಕಾ.

ಮೊದಲ ದೃಶ್ಯದಲ್ಲಿ ಸತ್ತು ಸುಟ್ಟು ಕರಕಲಾದ ಈ ಕುರುಬ ಕೊನೆಯ ಯುದ್ಧದಲ್ಲಿ, ಗಣಿಯ ಕೆಲಸದವರ ಗುಂಪಿನ ಮುಂದೆ, ಅದೇ ಹಳದಿ ರುಮಾಲು, ಅದೇ ಕಂಬಳಿಯಲ್ಲಿ ಓಡಿ ಬರುತ್ತಾನೆ. ಓಡಿ ಬಂದವನು ಎಲ್ಲರಂತೆ ಧೂಳು ತೂರಿದ್ದರೆ ಯಾರೂ ಗುರುತಿಸುತ್ತಿರಲಿಲ್ಲವೇನೋ. ಸುತ್ತಲೂ ಪರಗ್ರಹದವರು ದಬದಬ ಬೀಳುತ್ತಿರುವಾಗ ಇವನು ಮಾತ್ರ ನಡುವೆ ನಿಂತು, ಕ್ಯಾಮೆರಾದ ಕಡೆ ಸರಿಯಾಗಿ ತಿರುಗಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಾನೆ. ಆಮೇಲೆ ಸಾವಕಾಶವಾಗಿ ಪಕ್ಕಕ್ಕೆ ಸರಿದು ಹೋಗುತ್ತಾನೆ. ಮಾನವಕುಲದ ಅಳಿವು ಉಳಿವಿನ ಹೊತ್ತಿನಲ್ಲಿ ಇಷ್ಟು ಮರ್ಯಾದಸ್ಥ ಮನುಷ್ಯನನ್ನು ನಾನು ಬೇರೆ ಯಾವ ಚಿತ್ರದಲ್ಲೂ ಕಂಡಿಲ್ಲ.

“ಸತ್ತಾವ ಹೆಂಗ ಬಂದ?” ಎಂದು ಕೇಳಿದವರಿಗೆಲ್ಲ ಅವನು ಬೇರೆ ಬೇರೆ ಉತ್ತರ ಕೊಟ್ಟ. ಒಬ್ಬನಿಗೆ ‘ಅದು ಅವನ ತಮ್ಮ’ ಎಂದ. ಇನ್ನೊಬ್ಬನಿಗೆ ‘ಬಿದ್ದದ್ದು ನೋಡಿ, ಸತ್ತದ್ದು ನೋಡಿಯೇನು? ನಾಡಿ ಹಿಡಿದಿಯೇನು?’ ಎಂದ. ನನಗೆ ‘ಅರ್ಧ ಸತ್ತಿದ್ದ, ಮಾಸ್ತರ, ನಿನ್ನ ವಿಜ್ಞಾನದಾಗ ಅರ್ಧ ಇಲ್ಲೇನು?’ ಎಂದ. ಖರೇ ಕಾರಣ ಮಾತ್ರ ಚಹಾದಂಗಡಿಯಲ್ಲಿ ಯಾವತ್ತೂ ಹೇಳಲಿಲ್ಲ. ಅದನ್ನು ನನಗೆ ಹೇಳಿದ್ದು ಅವನ ತಾಯಿ ನಾಗವ್ವ ಆಯಿ, ಅವರ ಮನೆಯ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತ ಕೂತಾಗ.

ಕಾಕಾನ ತಂದೆ ಬಯಲಾಟದಲ್ಲಿ ರಕ್ಕಸನ ಪಾರ್ಟು ಮಾಡುತ್ತಿದ್ದವನು. ರಕ್ಕಸ ಎಂದ ಮೇಲೆ ಬೆಳಗಾಗುವ ಮೊದಲು ಸಾಯಲೇಬೇಕು. ಆದರೆ ನಮ್ಮ ಕಡೆಯ ಆಟದಲ್ಲಿ ಒಂದು ಕಟ್ಟುನಿಟ್ಟು ಇದೆ. ಸತ್ತವನು ಕೊನೆಗೆ ಮಂಗಳ ಹಾಡುವಾಗ ಎದ್ದು ಬಂದು, ಕೊಂದವನ ಪಕ್ಕ ನಿಂತು, ಮಂದಿಗೆ ಕೈ ಮುಗಿದು, ಆರತಿ ತೆಗೆಸಿಕೊಂಡೇ ಬಣ್ಣ ಅಳಿಸಬೇಕು. ಸಾವನ್ನು ಅಲ್ಲಿಯೇ ಬಿಟ್ಟು ಮನೆಗೆ ಬರಬೇಕು. ಒಂದು ವರ್ಷ ರಕ್ಕಸ ಸತ್ತು ಬಿದ್ದ ಹೊತ್ತಿಗೆ ಮಳೆ ಸುರಿಯಿತು, ಮಂದಿ ಚೆದುರಿತು, ರಕ್ಕಸನೂ ಎದ್ದು ಮನೆಗೆ ಓಡಿದ. ಮಂಗಳ ಆಗಲಿಲ್ಲ. ಅದೇ ವರ್ಷ ಹಿಂಡಿನ ಕಾವಲಿನಲ್ಲಿ ಅವನಿಗೆ ಹಾವು ಕಡಿಯಿತು, ಉಳಿಯಲಿಲ್ಲ.

“ಇವ ತಾಂಡೂರಿನಿಂದ ಬಂದು, ‘ಅವ್ವಾ, ನಾ ಪಿಚ್ಚರದಾಗ ಸತ್ತೆ’ ಅಂತ ಹಲ್ಲು ಕಿಸಿದ,” ಎಂದಳು ಆಯಿ. “ಮಂಗಳಕ್ಕ ಎದ್ದಿಯೇನು ಅಂತ ಕೇಳಿದೆ. ಪಿಚ್ಚರಕ್ಕ ಮಂಗಳ ಇರಂಗಿಲ್ಲ ಅಂದ. ಹಂಗಾದ್ರ ಹೋಗಿ ಎದ್ದು ಬಾ, ಅಲ್ಲೀ ತನಕ ನಾ ಈ ಮನ್ಯಾಗ ತುತ್ತು ಮುಟ್ಟಂಗಿಲ್ಲ ಅಂದೆ.”

ಕಾಕಾ ಬಂದ ಕಾಲಲ್ಲೇ ತಿರುಗಿ ಹೋದ. ಅಲ್ಲಿ ಕೊನೆಯ ಯುದ್ಧದ ಶೂಟಿಂಗ್ ನಡೆದಿತ್ತು. ಗುಂಪಿನಲ್ಲಿ ಸೇರಿಕೊಂಡ, ಎಲ್ಲರಿಗಿಂತ ಮುಂದೆ ಓಡಿದ, ನಿಂತು ಕೈ ಮುಗಿದ. ನೂರಾರು ಜನರ ಗದ್ದಲದಲ್ಲಿ ಯಾರೂ ನೋಡಲಿಲ್ಲ, ಕ್ಯಾಮೆರಾ ಒಂದು ನೋಡಿತು. ಆ ಮೇಲೆ ಚಿತ್ರ ಟೀವಿಗೆ ಬಂದಾಗಲೆಲ್ಲ ಆಯಿ ತಟ್ಟೆಯಲ್ಲಿ ದೀಪ ಹಚ್ಚಿಕೊಂಡು ಕಾಯುತ್ತಿದ್ದಳು. ಮಗ ಪರದೆಯ ಮೇಲೆ ಕೈ ಮುಗಿದ ಕೂಡಲೇ ಟೀವಿಗೆ ಆರತಿ ಎತ್ತಿ, ದೀಪ ಆರಿಸಿ, “ಈಗ ಊಟಕ್ಕ ಏಳ್ರಿ” ಎನ್ನುತ್ತಿದ್ದಳು. ಭೂಮಿ ಉಳಿಯಿತೋ ಇಲ್ಲವೋ ಎಂದು ಆಕೆ ಒಂದು ದಿನವೂ ಕೇಳಿದವಳಲ್ಲ.

“ಇದನ್ನ ಅಂಗಡ್ಯಾಗ ಹೇಳಬಾರದೇನು?” ಎಂದು ನಾನು ಕಾಕಾನನ್ನು ಕೇಳಿದೆ. “ಮಂದಿ ನಗೂದು ಬಿಡ್ತಾರ.”

“ನನಗ ನಗಲಿ. ಅವ್ವನ ಹೆಸರು ಚಾ ಅಂಗಡ್ಯಾಗ ಯಾಕ ತರಬೇಕು?” ಎಂದ. ಆ ದಿನದಿಂದ ನಾನು ಬೇರೆ ತಪ್ಪುಗಳ ಬಗ್ಗೆ ಜಗಳ ಮುಂದುವರಿಸಿದೆ, ಅದೊಂದನ್ನು ಬಿಟ್ಟೆ.

ಬಿಡದವರು ಊರ ತುಂಬ ಇದ್ದರು. ಮೊಬೈಲ್ ರಿಪೇರಿ ಅಂಗಡಿಯ ಅನಿಲ ಅಂತ ಒಬ್ಬ. ಕೆಲಸ ಇಲ್ಲದ ಹೊತ್ತಿನಲ್ಲಿ, ಅಂದರೆ ದಿನವಿಡೀ, ಸಿನಿಮಾಗಳ ತಪ್ಪು ಹುಡುಕಿ ವಿಡಿಯೋ ಮಾಡುವುದು ಅವನ ಸಮಾಜಸೇವೆ. ಅವನು ಕಾಕಾ ಕೈ ಮುಗಿಯುವ ದೃಶ್ಯ ತೆಗೆದು, ಮುಖದ ಸುತ್ತ ಕೆಂಪು ಗೆರೆ ಎಳೆದು, ಹಿಂದೆ ಕತ್ತೆ ಒದರುವ ಸದ್ದು ಸೇರಿಸಿ ಹರಿಬಿಟ್ಟ. ಎಲ್ಲೆಲ್ಲಿಯವರೋ ನೋಡಿದರು, ಎಲ್ಲೆಲ್ಲಿಯವರೋ ನಕ್ಕರು. ಕಾಕಾನಿಗೆ ಬೇಜಾರಾಗಿರಬಹುದೆಂದು ನಾನು ಹೋದರೆ ಅವನು ಆ ವಿಡಿಯೋವನ್ನು ತನ್ನ ಹೆಂಡತಿ ಕಾಕಿಗೆ ತೋರಿಸುತ್ತ ಕೂತಿದ್ದ. “ಹೀರೋನ ಮುಖಕ್ಕ ಹಾಕ್ಯಾರೇನು ಕೆಂಪು ಸುತ್ತು? ಇಡೀ ಪಿಚ್ಚರದಾಗ ನನಗೊಬ್ಬಗ ಹಾಕ್ಯಾರ,” ಎಂದ.

ಅವನ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ನಗೆಪಾಟಲಾದ ಮೇಲೆ ಚಿತ್ರಕ್ಕೆ ಹೊಸದಾಗಿ ಹೆಸರು ಬಂತು. ಮಾಡಿದವರು ಅದನ್ನು ತೊಳೆದು ತೀಡಿ ಮತ್ತೆ ಬಿಡುಗಡೆ ಮಾಡಿದರು. ತಪ್ಪುಗಳನ್ನೆಲ್ಲ ತಿದ್ದಿದ್ದೇವೆ ಎಂದು ಹೇಳಿಕೊಂಡರು. ಎಲ್ಲ ತಪ್ಪು ತಿದ್ದಿದ್ದರೆ ಚಿತ್ರವೇ ಉಳಿಯುತ್ತಿರಲಿಲ್ಲ, ಹಾಗಾಗಿ ಒಂದೇ ಒಂದನ್ನು ತಿದ್ದಿದ್ದರು. ಟೀವಿಯಲ್ಲಿ ಆ ಹೊಸ ಚಿತ್ರ ಬಂದ ದಿನ ಆಯಿ ದೀಪ ಹಚ್ಚಿ ಕೂತಳು. ಗುಂಪು ಓಡಿ ಬಂತು, ಧೂಳು ಹಾರಿತು, ಪರಗ್ರಹದವರು ಬಿದ್ದರು. ಕಾಕಾ ನಿಂತು ಕೈ ಮುಗಿಯುತ್ತಿದ್ದ ಜಾಗದಲ್ಲಿ ಕಂಪ್ಯೂಟರಿನಿಂದ ಕೂರಿಸಿದ ಒಂದು ಬಂಡೆ ಇತ್ತು.

“ಮಲ್ಲ್ಯಾ ಎಲ್ಲಿ ಹೋದ?” ಎಂದು ಆಯಿ ಕೇಳಿದಳು. ಮಲ್ಲ್ಯಾ ಪಕ್ಕದಲ್ಲೇ ಕೂತಿದ್ದ, ಆದರೆ ಆಕೆ ಕೇಳಿದ್ದು ಅವನನ್ನಲ್ಲ. ತಟ್ಟೆಯ ದೀಪ ಎಣ್ಣೆ ತೀರಿ ತಾನಾಗಿ ಆರಿತು. ಆ ಹೊತ್ತು ಆಕೆ ಊಟಕ್ಕೆ ಏಳಲಿಲ್ಲ. ಹಳೆಯ ದೃಶ್ಯ ಉಳಿದದ್ದು ಅನಿಲನ ವಿಡಿಯೋದಲ್ಲಿ ಮಾತ್ರ. ಮರುದಿನ ಅದನ್ನು ತೋರಿಸಲು ಹೋದರೆ ಆಯಿ ಮುಖ ತಿರುಗಿಸಿ, “ಕತ್ತಿ ಒದರೂ ಮಂಗಳ ನನಗ ಬ್ಯಾಡ,” ಎಂದಳು.

ಕಾಕಾ ಹೈದರಾಬಾದಿಗೆ ಹೊರಟ. ಮಾಸ್ತರ ಜತೆಗಿದ್ದರೆ ಮರ್ಯಾದಿ ಎಂದು ನನ್ನನ್ನೂ ಎಳೆದುಕೊಂಡ. ಸಿನಿಮಾದವರ ಆಫೀಸಿನಲ್ಲಿ ಬಹಳ ಹೊತ್ತು ಕಾದ ಮೇಲೆ ನಿರ್ದೇಶಕ ಬಂದ. ಗಡ್ಡ ಬಿಟ್ಟ ಒಳ್ಳೆಯ ಹುಡುಗ, ಕಾಕಾನನ್ನು ನೋಡಿದ ಕೂಡಲೇ ಗುರುತು ಹಿಡಿದ. ಎಲ್ಲ ಕೇಳಿಕೊಂಡು, ತೆಲುಗಿನವರು ಹಿರಿಯರನ್ನು ಕರೆಯುವಂತೆ ‘ಪೆದ್ದಾಯನಾ’ ಎಂದು ಕರೆದು, ತೆಲುಗಿನಲ್ಲಿ ಮೆತ್ತಗೆ ಹೇಳಿದ: ಅದು ತಪ್ಪೇ ಆಗಿತ್ತು ಪೆದ್ದಾಯನಾ, ಸತ್ತವನು ಹೇಗೆ ಬರುತ್ತಾನೆ, ಜನ ನಗುತ್ತಿದ್ದರು, ನನಗೂ ನಾಚಿಕೆಯಾಗಿತ್ತು.

ನಾನು ಎಷ್ಟೋ ವರ್ಷ ಕಾದಿದ್ದ ಗಳಿಗೆ ಅದು. ಚಿತ್ರ ಮಾಡಿದವನೇ ತಪ್ಪು ಒಪ್ಪಿಕೊಂಡಿದ್ದ. ಒಪ್ಪದವನು ಕಾಕಾ ಒಬ್ಬನೇ.

“ತಪ್ಪು ಅಂತ ಯಾರು ಹೇಳಿದ್ರು ನಿಮಗ?” ಎಂದು ಶುರುಮಾಡಿದ. ಅರ್ಧ ಕನ್ನಡ, ಅರ್ಧ ತೆಲುಗು. ನೀರಿನ ಟಾಕಿ ಹೇಳಿದ, ನಾಕು ಭಾಷೆ ಹೇಳಿದ, ಮೂಗಿನ ಅರಿವಿ ಹೇಳಿದ, ಅರ್ಧ ಸತ್ತವನ ಕಥೆ ಹೇಳಿದ. ಚಹಾದಂಗಡಿಯಲ್ಲಿ ವರ್ಷಗಟ್ಟಲೆ ಅರೆದು ಹದ ಮಾಡಿದ ವಾದಗಳನ್ನೆಲ್ಲ ಆ ಗಾಜಿನ ಮೇಜಿನ ಮೇಲೆ ಸುರಿದ. ನಿರ್ದೇಶಕ ಬಾಯಿ ತೆರೆದು ಕೇಳುತ್ತಿದ್ದ. ತನ್ನ ಚಿತ್ರಕ್ಕೆ ಇಷ್ಟು ಅರ್ಥ ಇದೆಯೆಂದು ಅವನಿಗೆ ಅಂದೇ ತಿಳಿದಿರಬೇಕು. ಕೊನೆಗೆ, “ಆದರೂ ಪಿಚ್ಚರ್ ನಂದಲ್ವಾ, ಪೆದ್ದಾಯನಾ?” ಎಂಬ ಅರ್ಥದಲ್ಲಿ ಏನೋ ಅಂದ.

“ನಿಮಗೇನ್ರಿ ಗೊತ್ತು ಈ ಪಿಚ್ಚರದ್ದು?” ಎಂದ ಕಾಕಾ. “ನೀವು ಕ್ಯಾಮೆರಾದ ಹಿಂದ ಇದ್ರಿ. ನಾ ಮುಂದ ಇದ್ದೆ.”

ಆಮೇಲೆ ದನಿ ಇಳಿಸಿ ಒಂದೇ ಮಾತು ಹೇಳಿದ. ಅವನ ದನಿ ಇಳಿಯುವುದನ್ನು ನಾನು ಕೇಳಿದ್ದು ಆಗಲೇ. “ತಪ್ಪು ಅದ ಅಂತಲೇ ಇಟ್ಟುಕೊಳ್ರಿ. ಇರಲಿ ಬಿಡ್ರಿ. ನಮ್ಮವ್ವ ಅದಾಳ.”

ನಿರ್ದೇಶಕ ಅವನ ಕೈ ಹಿಡಿದುಕೊಂಡ. ಹಳೆಯದು ಈಗ ನಮ್ಮ ಕೈಯಲ್ಲಿ ಇಲ್ಲ, ಮಾರಿಯಾಗಿದೆ ಎಂದ. ಖರೇ ಇರಬಹುದು, ಸುಳ್ಳೂ ಇರಬಹುದು. ಚಹಾ ತರಿಸಿದ, ಫೋಟೋ ತೆಗೆಸಿಕೊಂಡ, ಬಾಗಿಲ ತನಕ ಬಂದು ಕಳಿಸಿದ. ಬರುವಾಗ ಬಸ್ಸಿನಲ್ಲಿ ಕಾಕಾ ಸದಾಶಿವಪೇಟೆ ದಾಟುವವರೆಗೂ ಬೀಡಿ ಕೇಳಲಿಲ್ಲ. ನಾನೇ ಜಗಳ ತೆಗೆಯೋಣವೆಂದು, “ಕಾಕಾ, ಆ ಹೀರೋ ಒಂದೇ ಹಾಡಿನ್ಯಾಗ ತಾಂಡೂರಿನಿಂದ ಜಹೀರಾಬಾದಿಗೆ ಹೆಂಗ ಬಂದ?” ಎಂದೆ. “ರಸ್ತಾ ಛಲೋ ಇತ್ತು,” ಎಂದು ಕಿಟಕಿಯ ಹೊರಗೆ ನೋಡಿದ. ಆ ರಸ್ತೆ ಗೊತ್ತಿದ್ದವರು ಯಾರೂ ಅದನ್ನು ನಂಬಲಾರರು. ಅವನಿಗೂ ಅದರ ಮೇಲೆ ಮನಸ್ಸಿರಲಿಲ್ಲ. ನನಗೆ ಅವತ್ತು ಅವನ ಮೇಲೆ ಹೇಳಲಾರದಷ್ಟು ಮರುಕ ಬಂತು.

ಮುಂದಿನ ಸಲ ಚಿತ್ರ ಟೀವಿಗೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ನಾನೂ ಹೋಗಿದ್ದೆ. ಆಯಿ ತಟ್ಟೆ ತೆಗೆಯಲಿಲ್ಲ, ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಬಂಡೆ ಬಂತು, ಬಂಡೆ ಹೋಯಿತು. ಚಿತ್ರ ಮುಗಿದು ಹೆಸರುಗಳು ಓಡುತ್ತಿರುವಾಗ ಕಾಕಾ ಒಳಗಿನಿಂದ ಬಂದ. ಹಳದಿ ರುಮಾಲು ಸುತ್ತಿದ್ದ, ಕಂಬಳಿ ಹೊದ್ದಿದ್ದ, ಮೀಸೆಗೆ ಎಣ್ಣೆ ಹಚ್ಚಿದ್ದ. ಟೀವಿಯ ಮುಂದೆ ನಿಂತು, ನಮ್ಮ ಕಡೆ ತಿರುಗಿ, ಎರಡೂ ಕೈ ಜೋಡಿಸಿದ.

“ಬಾಜೂಕ ಸರಿ, ಹೆಸರು ಕಾಣವಲ್ವು,” ಎಂದು ಕಾಕಿ ಒಳಬಾಗಿಲಲ್ಲಿ ನಿಂತು ಗದರಿದಳು. ಆಯಿ ಮಾತ್ರ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇದು ಬರೋಬ್ಬರಿ ಅದ. ಮುಂದ ಬಂದು ನಿಂತ್ರನೇ ಮಂಗಳ,” ಎಂದು ದೀಪ ಹಚ್ಚಿದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಸಂತೆಗೆ ಹೋಗಿದ್ದರೂ, ಹಿಂಡಿನ ಹಿಂದೆ ಇದ್ದರೂ, ಇಂಥ ದಿನ ಚಿತ್ರ ಇದೆ ಎಂದು ಫೋನ್ ಹೋದರೆ ಕಾಕಾ ಯಾರ ಗಾಡಿಯಾದರೂ ಹತ್ತಿ ಹೆಸರುಗಳು ಓಡುವ ಹೊತ್ತಿಗೆ ಮನೆ ಸೇರುತ್ತಿದ್ದ. ಬೊಮ್ರಾಸಪೇಟ್‌ನಿಂದ ಒಮ್ಮೆ ಜೋಳದ ಚೀಲಗಳ ಮೇಲೆ ಕೂತು ಬಂದಿದ್ದ. ಆ ಟೀವಿಯವರಿಗೆ ಬೇರೆ ಚಿತ್ರ ಸಿಗುತ್ತಿರಲಿಲ್ಲವೋ ಏನೋ, ತಿಂಗಳಿಗೊಮ್ಮೆ ಅದನ್ನೇ ಹಾಕಿ ಅವನ ಪ್ರಾಣ ತಿಂದರು.

ಹೋದ ವರ್ಷ ಚಳಿಗಾಲದಲ್ಲಿ, ನಮ್ಮದೇ ಹೊಲದಲ್ಲಿ ಹಿಂಡು ತರುಬಿದ್ದಾಗ, ಬೆಳಿಗ್ಗೆ ಕುರಿ ಬಿಡುತ್ತಾ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತನ್ನೂ ಅವನು ಕೊಡಲಿಲ್ಲ. ಮಣ್ಣಿಗೆ ಬಂದವರಲ್ಲಿ ಒಬ್ಬರು ಪಿಸುಮಾತಿನಲ್ಲಿ, ಸಿನಿಮಾದಿಂದ ಅವನನ್ನು ಅಳಿಸಿದರಲ್ಲ, ಅದರಿಂದಲೇ ಹೀಗಾಯಿತು ಎಂದರು. ಆಯಿಗೆ ಕೇಳಿಸಿತು.

“ಬೀಡಿ ಸೇದಿ ಸೇದಿ ಎದಿ ಸುಟ್ಟುಕೊಂಡ,” ಎಂದಳು. “ಪಿಚ್ಚರದವರಿಗೆ ಯಾಕ ಬೈತೀರಿ? ಅವ ಇದ್ದಿದ್ರ ನಿಮಗ ಸುಮ್ಮ ಬಿಡ್ತಿದ್ದಿಲ್ಲ.”

ಅದು ನಿಜ. ಇಡೀ ಜಗತ್ತಿನಲ್ಲಿ ಆ ಚಿತ್ರದ ಪರವಾಗಿ ಮಾತಾಡುವವನು ಒಬ್ಬನಿದ್ದ, ಅವನೂ ಹೋಗಿದ್ದ. ಚಹಾದಂಗಡಿಯಲ್ಲಿ ಈಗ ನಾನು ಎಂಥ ತಪ್ಪು ತೆಗೆದರೂ ಎಲ್ಲರೂ ಹೌದು ಹೌದು ಎನ್ನುತ್ತಾರೆ. ಇಷ್ಟು ಸಪ್ಪೆ ಗೆಲುವು ನನಗೆ ಬೇಕಾಗಿರಲಿಲ್ಲ.

ಈ ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಟೀವಿಯಲ್ಲಿ ಅದೇ ಚಿತ್ರ. ಯಾರೂ ಬೇಕೆಂದು ಹಾಕಿದ್ದಲ್ಲ, ತಾನಾಗಿ ಬಂದಿತ್ತು, ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕಾಕಾ ‘ಎವರು ಮೀರು?’ ಎಂದ, ಹಸಿರು ಬೆಳಕು ಬಿತ್ತು, ಸತ್ತ. ಕಾಕಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಆಯಿ ಕೊನೆಯವರೆಗೂ ಕದಲದೆ ಕೂತಿದ್ದಳು. ಹೆಸರುಗಳು ಓಡತೊಡಗಿದಾಗ ಎದ್ದು, ತಟ್ಟೆಯಲ್ಲಿ ಎಣ್ಣೆ ಹಾಕಿ ದೀಪ ಹಚ್ಚಿದಳು.

“ಆಯಿ,” ಎಂದೆ.

“ನನ್ನ ಮಗ ಎದ್ದು ಬರಂಗಿಲ್ಲ. ಅಷ್ಟು ತಿಳೀಲಾರದಾಕಿ ಅಲ್ಲ ನಾ,” ಎಂದಳು. “ಆದ್ರ ಆಟ ಮುಗೀಬೇಕಲ್ಲ? ಮಂಗಳ ಆಗದ ಹಂಗೇ ಬಿಡಬಾರದು. ಮನ್ಯಾಗ ಹುಡುಗರು ಹುಪ್ಪಡಿ ಅದಾವ. ಆ ಗೂಟಕ್ಕ ಕಂಬಳಿ ಅದ, ತಗೊಂಡು ಹೊದ್ದು ನಿಲ್ಲು, ಮಾಸ್ತರ.”

“ನಾ ಆ ಪಿಚ್ಚರದಾಗೇ ಇಲ್ಲಲ್ಲ, ಆಯಿ.”

“ಅವ ಸತ್ತದ್ದೂ ಸುಳ್ಳೇ ಇತ್ತು. ಆದ್ರೂ ಏಳ್ತಿದ್ದ,” ಎಂದಳು. “ಇಷ್ಟು ವರ್ಷ ಅವನ ಜತಿ ಜಗಳಾಡಿದಿ, ಇನ್ನಾ ಲಾಜಿಕ್ ಕೇಳ್ತಿ.”

ಕಂಬಳಿ ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು, ಬೀಡಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ಹೊದ್ದು ಟೀವಿಯ ಮುಂದೆ ನಿಂತೆ. ಆಯಿ ಆರತಿ ಎತ್ತಿದಳು. ನಾನು ಕೈ ಜೋಡಿಸಿದೆ.